ಹಂದಿ ತಿಂದ ಗೆರೆ

ನನ್ನ ಮೊಮ್ಮಗಳು ಗಾಳಿಯಲ್ಲಿ ಅಡ್ಡಡ್ಡ ಹಾರಿ ಒಂದು ಪ್ಲಾಸ್ಟಿಕ್ ತಾಟು ಹಿಡಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದನ್ನು ಹೇಳದೆ ಬೇರೆ ಮಾತು ಶುರು ಮಾಡಲು ನನ್ನಿಂದಾಗದು. ಎದೆ ಮುಂದಾಗಿ ನೆಲಕ್ಕೆ ಬಿದ್ದಳು, ಮಣ್ಣಿನಲ್ಲಿ ಜಾರಿಕೊಂಡು ಹೋದಳು, ಎದ್ದಾಗ ತಾಟು ಕೈಯಲ್ಲೇ ಇತ್ತು. ನಾನು ಹೆತ್ತ ಮಕ್ಕಳಲ್ಲಿ ಯಾರೂ ನನಗೆ ಅಂಥ ಸಂತೋಷ ಕೊಟ್ಟಿಲ್ಲ. ಅವರು ಓದಿದರೆ ಓದಲಿ, ಬೇಜಾರಾದರೆ ಆಗಲಿ. ಆದರೆ ಆ ಶನಿವಾರ ಭಾನುವಾರ ಗಂಗಾವತಿಯಲ್ಲಿ ನಾನು ಪಟ್ಟ ಹೇಸಿಗೆಯನ್ನೂ ಹೇಳಲೇಬೇಕು. ಸಂತೋಷ ಒಂದು ಬೊಗಸೆಯಾದರೆ ಹೇಸಿಗೆ ಒಂದು ಹೆಡಿಗೆ.

ಆಗ ಅವಳು ಕೊಪ್ಪಳದ ಕಾಲೇಜಿನಲ್ಲಿ ಓದುತ್ತಿದ್ದಳು. ಅವಳ ಅಪ್ಪ, ಅಂದರೆ ನನ್ನ ಮಗ, ಮುನಿರಾಬಾದಿನ ನೀರಾವರಿ ಆಫೀಸಿನಲ್ಲಿ ನೌಕರ. ನಾವೆಲ್ಲ ಅಲ್ಲಿಯ ಕ್ವಾರ್ಟರ್ಸಿನಲ್ಲಿ ಇದ್ದೆವು. ಮೂಲ ಊರು ಯಲಬುರ್ಗಾ ಕಡೆಯ ಮಂಗಳೂರು. ಸಮುದ್ರದ ಮಂಗಳೂರಲ್ಲ, ಎರೆಹೊಲದ ಮಂಗಳೂರು. ಕಾಲೇಜಿಗೆ ಹೊಸದಾಗಿ ಬಂದ ಮೇಷ್ಟ್ರೊಬ್ಬರು ಮಕ್ಕಳಿಗೆ ಈ ತಾಟಿನ ಆಟ ಹಚ್ಚಿದ್ದರು. ತಾಟಿಗೆ ಫ್ರಿಸ್ಬಿ ಅನ್ನುತ್ತಾರೆ, ಆಟಕ್ಕೆ ಅಲ್ಟಿಮೇಟ್ ಅನ್ನುತ್ತಾರೆ. ತಾಟನ್ನು ಒಬ್ಬರಿಂದ ಒಬ್ಬರಿಗೆ ಎಸೆಯುತ್ತಾ ಹೋಗಬೇಕು. ಕೈಯಲ್ಲಿ ತಾಟು ಇದ್ದವರು ಓಡುವಂತಿಲ್ಲ. ನೆಲಕ್ಕೆ ಬಿದ್ದರೆ ಎದುರಿನವರ ಪಾಲು. ಮೈದಾನದ ತುದಿಯಲ್ಲಿ ಒಂದು ಗೆರೆ ಇರುತ್ತದೆ, ಅದರಾಚೆ ಹಿಡಿದರೆ ಗೋಲು. ಹುಡುಗರು ಹುಡುಗಿಯರು ಕೂಡಿಯೇ ಆಡುತ್ತಾರೆ. ಏಳು ಮಂದಿಯಲ್ಲಿ ಮೂವರು ಹುಡುಗಿಯರು ಇರಲೇಬೇಕು. ಅವಳ ತಂಡದಲ್ಲಿ ಇದ್ದವರೇ ಮೂವರು.

ಗಂಗಾವತಿಯಲ್ಲಿ ಟೂರ್ನಮೆಂಟ್ ಇದೆ ಅಂದಾಗ ಮಗ ಮುಖ ಹಿಂಡಿದ.

“ಗಂಡುಹುಡುಗರ ಜೋಡಿ ಚಡ್ಡಿ ಹಾಕ್ಕೊಂಡು ಮಣ್ಣಾಗ ಹೊಳ್ಳ್ಯಾಡೋ ಆಟ ನಮಗ ಬ್ಯಾಡ.”

“ಅಪ್ಪಾ, ನಾ ಇಲ್ಲಂದ್ರ ತಂಡಾನ ಇಲ್ಲ,” ಅಂದಳು ಇವಳು.

“ಇಲ್ಲಂದ್ರ ಇಲ್ಲ. ತಂಡಕ್ಕೇನು ಮನೀಗೆ ಕರದು ಉಣ್ಣಾಕ ಹಾಕಬೇಕೇನು?”

ಅಪ್ಪ ಮಗಳು ಮಾತು ಬಿಟ್ಟರು. ಅವಳ ತಟ್ಟೆಯ ಮೇಲಿನ ರೊಟ್ಟಿ ಒಣಗಿ ಹಪ್ಪಳವಾಯಿತು. ಕೊನೆಗೆ ಮಗ ನನ್ನ ಕಡೆ ತಿರುಗಿದ.

“ಯವ್ವಾ, ನೀ ಆಕಿ ಸಂಗಾಟ ಹೋಗು. ಕುಂತು ನೋಡು. ನಾ ಐತವಾರ ಮಧ್ಯಾಹ್ನ ಬರ್ತೀನಿ. ನಿನ್ನ ಮನಸ್ಸಿಗೆ ಬಂತಂದ್ರ ಮುಂದೂ ಆಡ್ಲಿ. ಬರಲಿಲ್ಲಂದ್ರ ಇದಽ ಕಡೀದು. ನೀ ಹೇಳಿದ್ದಽ ಮಾತು.”

“ಆಯಿ ಹ್ಞೂಂ ಅಂತಾಳ!” ಮೊಮ್ಮಗಳು ನನ್ನ ಕೊರಳಿಗೆ ಜೋತುಬಿದ್ದಳು.

“ನೋಡಿ ಹೇಳ್ತೀನಿ,” ಅಂದೆ. ಆದರೆ ಒಳಗೊಳಗೇ ಹಿಗ್ಗಿ ಹೋಗಿದ್ದೆ. ಈ ವಯಸ್ಸಿನಲ್ಲಿ ನನ್ನ ಮಾತಿಗೆ ಒಂದು ಮನೆ ಕಾಯುತ್ತದೆ ಅಂದರೆ ಹಿಗ್ಗದೆ ಇರುತ್ತದೆಯೇ? ಇಳಕಲ್ ಸೀರೆ ತೆಗೆದೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದೆ. ಕಂಡವರ ಎಂಜಲು ಮುಟ್ಟುವವಳಲ್ಲ ನಾನು, ಹಾಗಾಗಿ ನನ್ನ ಸ್ಟೀಲಿನ ತಂಬಿಗೆ, ಲೋಟ ಚೀಲದಲ್ಲಿ ಇಟ್ಟುಕೊಂಡೆ.

ಮೈದಾನ ಇದ್ದದ್ದು ಊರ ಅಂಚಿನ ಅಕ್ಕಿ ಮಿಲ್ಲುಗಳ ಹಿಂದೆ. ಬಸ್ಸಿಳಿದು ಆಟೋದಲ್ಲಿ ಅಲ್ಲಿ ಮುಟ್ಟುವ ಮೊದಲೇ ವಾಸನೆ ಬಂದು ಎದುರುಗೊಂಡಿತು. ಮೈದಾನದ ಒಂದು ಬದಿಗೆ ಗಟಾರು. ಮಿಲ್ಲಿನವರು ಭತ್ತ ಕುದಿಸಿದ ನೀರನ್ನು ಅದಕ್ಕೇ ಬಿಡುತ್ತಾರೆ. ಹುಳಿತ ಗಂಜಿಯಲ್ಲಿ ಸತ್ತ ಇಲಿ ನೆನೆಹಾಕಿದರೆ ಬರಬಹುದಾದ ವಾಸನೆ ಅದು. ನೀರಿನ ಮೇಲೆ ಬೂದುಬಣ್ಣದ ಕೆನೆ ಕಟ್ಟಿ, ಕೆನೆಯೊಳಗಿಂದ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಮೇಲೆ ಮಿಲ್ಲಿನ ಚಿಮಣಿಯಿಂದ ಉಮಿ ಸುಟ್ಟ ಕರೀ ಬೂದಿ ಉದುರುತ್ತಿತ್ತು. ನನ್ನ ಸೀರೆಯ ಮೇಲೆ ಬಿದ್ದದ್ದನ್ನು ಒರೆಸಿದೆ, ಅದು ಇನ್ನಷ್ಟು ಹರಡಿತು.

“ಆಯಿ, ಆ ಕಡಿ ನೋಡಬ್ಯಾಡ,” ಮೊಮ್ಮಗಳು ನನ್ನ ತೋಳು ಹಿಡಿದು ಎಳೆದಳು. “ಈ ಕಡಿ ಬೇವಿನ ಗಿಡ ಐತಿ, ನೆಳ್ಳು ಐತಿ, ಇಲ್ಲಿ ಕುಂದ್ರು.”

ಬೇವಿನ ಬುಡದ ಸುತ್ತ ಗುಟ್ಕಾ ಉಗುಳಿ ಉಗುಳಿ ನೆಲವೇ ಕೆಂಪಾಗಿತ್ತು. ಚೀಲದಿಂದ ಚಾದರ ತೆಗೆದು, ಎರಡು ಮಡಿಕೆ ಹಾಕಿ, ಅದರ ಮೇಲೆ ಮೈ ಮುದುಡಿಕೊಂಡು ಕುಳಿತೆ.

ಅಲ್ಲಿಂದ ನೋಡಿದಾಗ ಮೈದಾನದ ಗೆರೆಗಳು ವಿಚಿತ್ರವಾಗಿ ಕಂಡವು. ಸುಣ್ಣದ ಬಿಳುಪಿಲ್ಲ, ಮಾಸಲು ಹಳದಿ. ಗಂಗಾವತಿ ತಂಡದ ನಾಯಕ, ಮರಳಿ ಅನ್ನುವ ಪಕ್ಕದ ಹಳ್ಳಿಯ ಒಬ್ಬ ಉದ್ದನೆಯ ಹುಡುಗ, ಡಬ್ಬಿಯಿಂದ ಪುಡಿ ಸುರಿಯುತ್ತಾ ಕೊನೆಯ ಗೆರೆ ಮುಗಿಸುತ್ತಿದ್ದ. ಕರೆದು ಕೇಳಿದೆ.

“ತೌಡುರಿ ಆಯಿ,” ಅಂದ, ಬಹುಮಾನ ಗೆದ್ದವನ ಹಾಗೆ. “ಸುಣ್ಣ ಹಾಕಿದ್ರ ಬಿದ್ದಾಗ ಮೈ ಉರಿತೈತಿ. ನಮ್ಮ ಕಾಕಾನ ಮಿಲ್ಲಿನ್ಯಾಗ ತೌಡು ಬೇಕಾದಷ್ಟು ಐತಿ.”

“ತೌಡು ದನ ತಿನ್ನೂದಲ್ಲೇನಪಾ?”

“ಮೈದಾನದಾಗ ದನ ಎಲ್ಲಿ ಬರ್ತಾವ್ರಿ!” ಅಂದು ನಕ್ಕ. ಅವನ ಜೊತೆಗಿದ್ದವರೂ ನಕ್ಕರು.

ಆಟ ಶುರುವಾಯಿತು. ಎದೆ ಉಬ್ಬುವಷ್ಟು ಚೆನ್ನಾಗಿ ಆಡಿದಳು ನನ್ನ ಕೂಸು. ಆದರೆ ಆಟದ ನಡುನಡುವೆ ಅವರು ಮಾಡುವುದನ್ನು ನೋಡಲಾಗುತ್ತಿರಲಿಲ್ಲ. ಒಂದೇ ನೀರಿನ ಬಾಟಲಿ. ಒಬ್ಬ ಕಚ್ಚಿ ಕುಡಿದು ಇನ್ನೊಬ್ಬಳಿಗೆ, ಅವಳು ಕಚ್ಚಿ ಕುಡಿದು ಮತ್ತೊಬ್ಬನಿಗೆ. ಬಾಟಲಿಯ ಬಾಯಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಕೂಡ ಲೋಟ ಎತ್ತಿ ಕುಡಿಯುತ್ತಾರೆ, ತುಟಿ ಮುಟ್ಟಿಸುವುದಿಲ್ಲ. ತಾಟು ಎರಡು ಸಲ ಗಟಾರಿಗೆ ಬಿತ್ತು. ಯಾರೋ ಕಟ್ಟಿಗೆಯಿಂದ ಎಳೆದು, ಹುಲ್ಲಿಗೆ ತಿಕ್ಕಿ, ಅದೇ ತಾಟಿನಿಂದಲೇ ಆಟ ಮುಂದುವರಿಸಿದರು. ಅದನ್ನು ಹಿಡಿದ ಕೈಯಿಂದ ಬೆವರು ಒರೆಸಿಕೊಂಡರು, ಮೂಗು ಒರೆಸಿಕೊಂಡರು.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಮಧ್ಯಾಹ್ನ ದೊಡ್ಡ ಬೋಗುಣಿಯಲ್ಲಿ ಮಂಡಕ್ಕಿ ಒಗ್ಗರಣಿ, ಕಾಗದದಲ್ಲಿ ಸುತ್ತಿದ ಮಿರ್ಚಿ ಬಜಿ ಬಂತು. ತಟ್ಟೆಗಳನ್ನು ತರಲು ಮರೆತಿದ್ದರು. ಆಗ ಆ ಮಕ್ಕಳು ಏನು ಮಾಡಿದರು ಗೊತ್ತೇ? ಫ್ರಿಸ್ಬಿ ತಾಟುಗಳನ್ನು ಅಂಗಾತ ಮಾಡಿ ಅದರಲ್ಲೇ ಒಗ್ಗರಣಿ ಸುರಿದುಕೊಂಡರು! ನನ್ನ ಮೊಮ್ಮಗಳ ಪಾಲಿಗೆ ಬಂದದ್ದು ಗಟಾರಿಗೆ ಬಿದ್ದ ತಾಟು. ಅವಳು ಅದನ್ನು ತನ್ನ ಅಂಗಿಯಿಂದ ಒರೆಸಿದಳು. ಆ ಅಂಗಿಯೋ, ಹಿಂಡಿದರೆ ಅರ್ಧ ತಂಬಿಗೆ ಬೆವರು ಬರುವಂಥದ್ದು. ಒಂದೇ ತಾಟಿಗೆ ನಾಲ್ಕು ಕೈ ಹಾಕಿ, ಮಿರ್ಚಿ ಕಚ್ಚಿ, ಕಚ್ಚಿದ್ದನ್ನು ಮತ್ತೆ ಅದೇ ಒಗ್ಗರಣಿಯ ಮೇಲೆ ಇಟ್ಟು, ನಕ್ಕು ನಕ್ಕು ತಿಂದರು.

“ಆಯಿ, ಒಂದ್ ತುತ್ತು ತಿಂತಿ?” ಅಂತ ನನ್ನ ಮುಂದೆ ಹಿಡಿದಳು.

“ಥೂ! ದೂರ ಒಯ್ಯಿ ಅದನ್ನ!” ಸೆರಗಿನಿಂದ ಮೂಗು ಮುಚ್ಚಿಕೊಂಡೆ. ನನ್ನ ರೊಟ್ಟಿಯ ಗಂಟು ಬಿಚ್ಚಿದೆ, ಒಂದು ಚೂರು ಬಾಯಿಗೆ ಇಟ್ಟೆ, ಒಳಗೆ ಇಳಿಯಲಿಲ್ಲ. ಕಟ್ಟಿ ಇಟ್ಟೆ. ಆಗಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿದೆ: ನಾಳೆ ಮಗ ಬಂದಾಗ ಬೇಡ ಅಂದುಬಿಡುತ್ತೇನೆ. ಅವಳು ಅತ್ತರೆ ಅಳಲಿ.

ಅವಳಿಗೆ ನನ್ನ ಮುಖ ನೋಡಿಯೇ ತಿಳಿಯಿತು. ತಿನ್ನುವುದನ್ನು ಬಿಟ್ಟಳು.

“ಆಯಿ, ಆಟಾ ಹೇಸಿಗಿ ಅಲ್ಲ. ಜಾಗಾ ಹೇಸಿಗಿ ಐತಿ.”

“ಜಾಗಾ ಹೋಗಿ ನಿಮಗ ಎಂಜಲಾ ತಿನ್ನು ಅಂತ ಅಂತೈತೇನು?”

ಅವಳು ತಾಟು ಎತ್ತಿಕೊಂಡು ತಂಡದವರ ಕಡೆ ಹೋದಳು.

ಮಧ್ಯಾಹ್ನದ ಮೇಲೆ ನೋಡಲು ಊರ ಗಂಡಸರು ನಾಲ್ಕಾರು ಮಂದಿ ಬೇವಿನ ಗಿಡದ ಕೆಳಗೆ ಸೇರಿದರು. ನನ್ನ ಪಕ್ಕದಲ್ಲಿ ನಿಂತವನು ಬಿಳಿ ಅಂಗಿಯ ದಪ್ಪನೆಯ ಮನುಷ್ಯ. ಕೆನ್ನೆಯಲ್ಲಿ ಗುಟ್ಕಾ. ಹುಡುಗಿಯರು ಓಡಿದ ಕಡೆಗೆಲ್ಲ ಅವನ ಕಣ್ಣು ಓಡುತ್ತಿತ್ತು. ತಾಟು ಎಲ್ಲಿದೆ ಅಂತ ಅವನು ಒಮ್ಮೆಯೂ ನೋಡಲಿಲ್ಲ.

“ಯಾರ ಮನಿ ಹುಡುಗೇರೋ ಏನೋ,” ಅಂದ ಪಕ್ಕದವನಿಗೆ. “ಚಡ್ಡಿ ಹಾಕಿಸಿ ಕುಣಸಾಕತ್ಯಾರ.” ಅಂದವನೇ ಪಿಚಕ್ಕನೆ ನನ್ನ ಚಾದರದ ಅಂಚಿಗೆ ಉಗುಳಿದ.

“ನಮ್ಮ ಮನೀದರಿ,” ಅಂದೆ. “ಆಕಿ, ಜಡಿ ಕಟ್ಟಿದಾಕಿ, ನನ್ನ ಮೊಮ್ಮಗಳು.”

“ಅಯ್ಯ ಅಮ್ಮಾರ, ನಾ ಸುಮ್ನ ಅಂದ್ನಿ.”

“ಸುಮ್ನ ಅಂದ್ರಿ, ಸುಮ್ನ ಉಗುಳಿದ್ರಿ. ಇನ್ನೇನೇನು ಸುಮ್ನ ಮಾಡೋರಿದ್ದೀರಿ? ಮನಿಗೆ ಹೋಗಿ ಮಾಡ್ರಿ.”

ಅವನ ಗೆಳೆಯರು ನಕ್ಕರು, ಅವನು ಅತ್ತ ಸರಿದ. ಆದರೆ ನನ್ನ ಮೈ ತಣ್ಣಗಾಗಲಿಲ್ಲ. ಚಡ್ಡಿಯ ಮಾತು ಬೆಳಗಿನಿಂದ ನನ್ನ ಮನಸ್ಸಿನಲ್ಲೂ ಇತ್ತು. ಅದೇ ಮಾತು ಅವನ ಬಾಯಿಂದ, ಆ ಕೆಂಪು ಜೊಲ್ಲಿನ ಜೊತೆ ಬಂದಾಗ, ಅದು ನನ್ನ ಮನಸ್ಸಿನಲ್ಲಿತ್ತಲ್ಲ ಅಂತಲೇ ನನಗೆ ವಾಕರಿಕೆ ಬಂತು. ಚಾದರ ಎತ್ತಿ ಮಡಚಿ, ಮೈದಾನದ ಬಿಸಿಲಿಗೇ ಹೋಗಿ ಕುಳಿತೆ. ಬಿಸಿಲಾದರೂ ಸ್ವಚ್ಛವಾಗಿತ್ತು.

ಆ ದಿನ ಮೊಮ್ಮಗಳ ತಂಡದವರು ಎರಡೂ ಆಟ ಗೆದ್ದರು. ಉಳಿದುಕೊಳ್ಳಲು ಒಂದು ಕಲ್ಯಾಣ ಮಂಟಪ ಕೊಟ್ಟಿದ್ದರು. ಅಲ್ಲಿಯ ಬಚ್ಚಲಿನ ಬಗ್ಗೆ ನಾನು ಬರೆಯುವುದಿಲ್ಲ. ಯಾರಾದರೂ ಊಟ ಮಾಡುತ್ತಾ ಇದನ್ನು ಓದುತ್ತಿರಬಹುದು. ಬಕೀಟಿನ ತಳದಲ್ಲಿ ಹಿಂದಿನ ಮದುವೆಯವರ ಕೂದಲು ಉಂಡೆಯಾಗಿ ಕುಳಿತಿತ್ತು ಅಂದರೆ ಸಾಕು.

ಭಾನುವಾರ ಬೆಳಗ್ಗೆ ಮೈದಾನಕ್ಕೆ ಹೋದರೆ ದನ ಇರಲಿಲ್ಲ. ಹಂದಿಗಳಿದ್ದವು.

ಗಟಾರಿನಿಂದ ಎದ್ದು ಬಂದ ಹಂದಿಗಳು. ಹೊಟ್ಟೆಯವರೆಗೂ ಕರೀ ರಾಡಿ, ಮೂತಿಯಲ್ಲಿ ಆ ಬೂದು ಕೆನೆ. ಒಂದು ದೊಡ್ಡ ಹಂದಿ, ಅದರ ಹಿಂದೆ ಮರಿಗಳು, ಸಾಲುಹಿಡಿದು ಗೆರೆಯನ್ನು ತಿನ್ನುತ್ತಾ ಹೋಗುತ್ತಿದ್ದವು. ಗೆರೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ನಮ್ಮ ಹೊಲದಲ್ಲಿ ಕೂರಿಗೆ ಹಿಡಿದವನೂ ಅಷ್ಟು ನೆಟ್ಟಗೆ ಹೋಗಿದ್ದನ್ನು ನಾನು ಕಂಡಿಲ್ಲ. ತೌಡು ಮಣ್ಣಿಗೆ ಇಳಿದಲ್ಲಿ ಮೂತಿ ಹಾಕಿ ಅಗೆದಿದ್ದವು. ಅಗೆದಲ್ಲೆಲ್ಲ ಜೊಲ್ಲು, ಜೊಲ್ಲಿನಲ್ಲಿ ನೊಣ, ಅಲ್ಲಲ್ಲಿ ಹಿಕ್ಕೆ. ಮೂಲೆಗೆ ಗುರುತಿಗೆ ಇಟ್ಟಿದ್ದ ಇಟ್ಟಿಗೆಗಳನ್ನೂ ಉರುಳಿಸಿದ್ದವು.

ಮರಳಿ ಹುಡುಗ ಕಟ್ಟಿಗೆ ಹಿಡಿದು ಹಂದಿಗಳ ಹಿಂದೆ ಓಡುತ್ತಿದ್ದ. ನನ್ನನ್ನು ಕಂಡು ನಿಂತ.

“ದನ ಬಂದಿಲ್ಲಲ್ಲಪಾ?” ಅಂದೆ.

“ಆಯಿ, ಕಾಲಿಗೆ ಬೀಳ್ತೀನಿ, ಏನೂ ಅನಬ್ಯಾಡ್ರಿ,” ಅಂದ. ಬೆವರಿನಲ್ಲಿ ತೊಯ್ದಿದ್ದ.

ಹೊಸದಾಗಿ ಗೆರೆ ಹಾಕಲು ತೌಡು ಇರಲಿಲ್ಲ. ಕಾಕಾನ ಮಿಲ್ಲಿಗೆ ಭಾನುವಾರ ಬೀಗ. ಕಾಕಾ ಕುಷ್ಟಗಿಗೆ ಯಾವುದೋ ಮದುವೆಗೆ ಹೋಗಿದ್ದ, ಬೀಗದ ಕೈ ಅವನ ಕಿಸೆಯಲ್ಲಿ. ಇಟ್ಟಿಗೆಗಳನ್ನು ಅಂದಾಜಿಗೆ ಮತ್ತೆ ಇಟ್ಟು, ಹಂದಿ ಅಗೆದ ಸಾಲನ್ನೇ ಗೆರೆ ಅಂತ ಮಾಡಿಕೊಂಡು ಆಡಿದರು. ಆ ಸಾಲಿನಲ್ಲೇ ಓಡಿದರು, ಆ ಸಾಲಿನಲ್ಲೇ ಬಿದ್ದರು. ನಾನು ಒಂದು ಕಣ್ಣು ಮುಚ್ಚಿ ಒಂದು ಕಣ್ಣಿನಿಂದ ನೋಡಿದೆ.

ಮಧ್ಯಾಹ್ನದ ಹೊತ್ತಿಗೆ ಫೈನಲ್. ನಮ್ಮ ಕೊಪ್ಪಳದ ಮಕ್ಕಳು, ಎದುರಿಗೆ ಗಂಗಾವತಿಯವರು. ಆಡುತ್ತಾ ಆಡುತ್ತಾ ಇಬ್ಬರ ಗೋಲುಗಳೂ ಸಮಸಮವಾದವು. ಮುಂದಿನ ಗೋಲು ಯಾರು ಹೊಡೆದರೆ ಅವರೇ ಗೆದ್ದಂತೆ ಅಂತ ಪಕ್ಕದವರು ಹೇಳಿದರು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಮೋಟಾರ್ ಸೈಕಲ್ ನಿಂತ ಸಪ್ಪಳ. ಮಗ ಬಂದ. ಕರವಸ್ತ್ರ ಮೂಗಿಗೆ ಒತ್ತಿಕೊಂಡಿದ್ದ.

“ಯವ್ವಾ, ಏನ್ ಗಬ್ಬು ನಾರ್ತೈತಿ ಇಲ್ಲಿ! ಇಂಥಲ್ಲಿ ಕುಂತೀಯಲ್ಲ!”

“ಬಾಯಿ ಮುಚ್ಚಿ ನೋಡು,” ಅಂದೆ.

ಅದೇ ಹೊತ್ತಿಗೆ ತಾಟು ಗಾಳಿಯಲ್ಲಿ ಬಂತು. ಅವಳು ಓಡಿದಳು, ಮರಳಿ ಹುಡುಗ ಅವಳ ಮಗ್ಗುಲಿಗೇ ಓಡಿದ. ಅವನು ಅವಳಿಗಿಂತ ಒಂದು ಮೊಳ ಎತ್ತರ. ತಾಟು ಇಬ್ಬರನ್ನೂ ದಾಟಿ ಹೋಗುತ್ತದೆ ಅನ್ನುವಷ್ಟರಲ್ಲಿ ಇವಳು ನೆಲ ಬಿಟ್ಟಳು. ಮೊದಲೇ ಹೇಳಿದೆನಲ್ಲ, ಅಡ್ಡಡ್ಡ! ಹಿಡಿದಳು! ಹಂದಿಯ ಸಾಲಿನಲ್ಲೇ ಬಿದ್ದು ಜಾರಿಕೊಂಡು ಆಚೆ ಹೋದಳು. ನಾನು ಎದ್ದು ನಿಂತು ಕಿರುಚಿದೆ. ಮಗನೂ ಕಿರುಚಿದ. ಆಮೇಲೆ ಇಲ್ಲ ಅಂದ, ಆದರೆ ಕಿರುಚಿದ; ನಾನು ಕೇಳಿದ್ದೇನೆ.

ಆದರೆ ಮೈದಾನದಲ್ಲಿ ಯಾರೂ ಕುಣಿಯಲಿಲ್ಲ. ಹಾರಿ ಹಿಡಿದರೆ ಮೈ ಮೊದಲು ನೆಲ ಮುಟ್ಟಿದ ಜಾಗವೇ ಲೆಕ್ಕ. ಅವಳು ಬಿದ್ದದ್ದು ಗೆರೆಯ ಆಚೆಯೋ ಈಚೆಯೋ? ಆಚೆಯಾದರೆ ಗೋಲು, ಗೆದ್ದಂತೆ. ಈಚೆಯಾದರೆ ಗೋಲಲ್ಲ, ಬರೀ ಹಿಡಿದಂತೆ. ಅದೇ ಜಾಗದಲ್ಲಿ ಹಂದಿಗಳು ಹೊರಳಾಡಿ, ಸಾಲು ಒಂದು ಮಂಚದಷ್ಟು ಅಗಲವಾಗಿತ್ತು. ಇನ್ನೊಂದು ಮಾತು ನಾನು ಹೇಳಲಿಲ್ಲ: ಈ ಆಟಕ್ಕೆ ಅಂಪೈರ್ ಇಲ್ಲ. ಆಡುವವರೇ ತಮ್ಮ ತಪ್ಪು ತಾವೇ ಹೇಳಬೇಕು.

“ನಂಗ ಕಾಣಲಿಲ್ಲ,” ಅಂದ ಮರಳಿ ಹುಡುಗ. “ನೀನಽ ಹೇಳು.”

“ಒಳಗಽ ಬಿದ್ದಾಳ!” ನಾನು ಇಲ್ಲಿಂದಲೇ ಕೂಗಿದೆ. “ನಾ ನೋಡೀನಿ!”

“ಆಯಿ, ನೀ ಸುಮ್ನ ಕುಂದ್ರು! ನೀ ಆಡಾಕತ್ತಿಲ್ಲ!” ಅಲ್ಲಿಂದಲೇ ಗದರಿಸಿದಳು.

ಅವಳ ತಂಡದ ಹುಡುಗನೊಬ್ಬ ಹತ್ತಿರ ಬಂದು ಮೆಲ್ಲಗೆ ಏನೋ ಅಂದ. ಗೋಲು ಅನ್ನು ಅಂತ ಅಂದಿರಬೇಕು, ಅವನ ಮುಖ ಹಾಗೇ ಇತ್ತು. ಅವಳು ಕುಕ್ಕರಗಾಲಲ್ಲಿ ಕುಳಿತಳು. ಆ ಸಾಲಿನಲ್ಲಿ, ಆ ಜೊಲ್ಲಿನಲ್ಲಿ, ಬೆರಳು ಹಾಕಿ ಕೆದಕತೊಡಗಿದಳು.

“ಯವ್ವಾ, ಏನ್ ಹುಡುಕಾಕತ್ಯಾಳ ಆಕಿ?” ಮಗ ಕೇಳಿದ.

“ತೌಡು.”

“ತೌಡಾ?”

“ಹಂದಿ ತಿಂದು ಉಳಿದದ್ದು.”

ಮಗ ನನ್ನ ಮುಖ ನೋಡಿದ. ಅವಳು ಒಂದು ಚಿಟಿಕೆ ಮಣ್ಣು ಎತ್ತಿ ಮೂಗಿಗೆ ಹಿಡಿದಳು. ಹಂದಿಯ ಜೊಲ್ಲು ಕಲಸಿದ ಮಣ್ಣನ್ನು! ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಒಂದು ಹೆಜ್ಜೆ ಸರಿದು ಇನ್ನೊಂದು ಚಿಟಿಕೆ ಮೂಸಿದಳು. ಇನ್ನೊಂದು ಹೆಜ್ಜೆ, ಇನ್ನೊಂದು ಚಿಟಿಕೆ. ಅಲ್ಲಿ ನಿಂತಳು.

“ತೌಡು ಇಲ್ಲೈತಿ. ಗೆರಿ ಇದು,” ಅಂದಳು. ತಿರುಗಿ, ತನ್ನ ಮೊಣಕೈ ಮೊದಲು ನೆಲ ಮುಟ್ಟಿದ ಗುರುತು ತೋರಿಸಿದಳು. ಅದು ಗೆರೆಯ ಈಚೆ, ಒಂದು ಗೇಣು. “ನಾ ಬಿದ್ದಿದ್ದು ಈ ಕಡಿ. ಗೋಲ್ ಅಲ್ಲ.”

“ಪಕ್ಕಾ?”

“ಬೇಕಾದ್ರ ಮೂಸಿ ನೋಡು. ನಿಮ್ಮ ಕಾಕಾನ ತೌಡು.”

ಅವನೂ ಬಗ್ಗಿ ಮೂಸಿದ! “ಹೌದು,” ಅಂದ.

ಬೇವಿನ ಗಿಡದ ಕೆಳಗಿಂದ ನಿನ್ನೆಯ ಬಿಳಿ ಅಂಗಿಯವನು ಗಹಗಹಿಸಿ ನಕ್ಕ. “ಹುಚ್ಚ ಹುಡುಗಿ! ಗೋಲ್ ಅಂದಿದ್ರ ಮುಗೀತಿತ್ತು, ಯಾರ್ ಕೇಳೋರಿದ್ರು!” ನನ್ನ ಮಗ ಅವನ ಕಡೆ ತಿರುಗಿದ. ಮೂಗಿನ ಕರವಸ್ತ್ರ ತೆಗೆದು ಕಿಸೆಗೆ ಹಾಕಿಕೊಂಡ.

ಆಟ ಗೆರೆಯ ಹತ್ತಿರದಿಂದಲೇ ಮುಂದುವರಿಯಿತು. ಅವಳು ಎಸೆದ ತಾಟನ್ನು ಮರಳಿ ಹುಡುಗ ಅಡ್ಡಗೈ ಹಾಕಿ ಕೆಡವಿದ. ಅಲ್ಲಿಂದ ಗಂಗಾವತಿಯವರು ಒಬ್ಬರಿಂದ ಒಬ್ಬರಿಗೆ ಎಸೆಯುತ್ತಾ ಇನ್ನೊಂದು ತುದಿ ಮುಟ್ಟಿ ಗೋಲು ಹೊಡೆದರು. ಮುಗಿಯಿತು. ನಮ್ಮ ಮಕ್ಕಳು ಸೋತರು. ಗೋಲು ಅನ್ನು ಅಂದಿದ್ದ ಹುಡುಗ ಇಟ್ಟಿಗೆಗೆ ಒದ್ದು ಕಾಲು ನೋವು ಮಾಡಿಕೊಂಡ. ನನಗೂ ಯಾವುದಕ್ಕಾದರೂ ಒದೆಯಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಎರಡೂ ತಂಡದವರು ಹೆಗಲ ಮೇಲೆ ಕೈ ಹಾಕಿ ದುಂಡಗೆ ನಿಂತರು, ಇವರೊಬ್ಬರು ಅವರೊಬ್ಬರು. ಬೆವರಿನ ಕಂಕುಳು ಬೆವರಿನ ಕುತ್ತಿಗೆಗೆ ಅಂಟಿಕೊಂಡು, ಮಣ್ಣು, ಬೂದಿ, ಹಂದಿಯ ರಾಡಿ ಎಲ್ಲ ಒಂದಾಗಿ. ಮರಳಿ ಹುಡುಗ ಏನೋ ಹೇಳಿದ, ನನ್ನ ಮೊಮ್ಮಗಳ ಕಡೆ ಕೈ ಮಾಡಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತಲೆ ತಗ್ಗಿಸಿದ್ದಳು. ಸೋತದ್ದಕ್ಕಲ್ಲ, ಕದ್ದು ನಮ್ಮ ಕಡೆಗೇ ನೋಡುತ್ತಿದ್ದಳು. ಮಗನನ್ನು ನೋಡುವುದು, ನನ್ನನ್ನು ನೋಡುವುದು.

“ಹೆಂಗ ಯವ್ವಾ?” ಮಗ ಕೇಳಿದ. “ನೀ ನೋಡೀದಿ. ಏನಂತಿ?”

“ಹೇಸಿಗಿ,” ಅಂದೆ. “ಇಂಥ ಹೊಲಸು ನಾ ಹುಟ್ಟಿದಾಗಿನಿಂದ ನೋಡಿಲ್ಲ. ಒಂದಽ ಬಾಟ್ಲಿಗೆ ಹತ್ತು ಬಾಯಿ ಹಚ್ಚತಾವು. ಗಟಾರದ ತಾಟಿನ್ಯಾಗ ಒಗ್ಗರಣಿ ತಿಂತಾವು. ಹಂದಿ ಜೊಲ್ಲು ಮೂಸತಾವು.”

“ಹಂಗಾರ ಬ್ಯಾಡ ಅಂತಿ.”

ಅವಳು ಅಲ್ಲಿಂದ ಹೊರಟು ನಮ್ಮ ಕಡೆ ನಡೆದು ಬರುತ್ತಿದ್ದಳು. ಮೊಣಕೈ ತರಚಿ ರಕ್ತ, ಕೈಬೆರಳು ಕರೀ ರಾಡಿ.

“ಮುಂದಿನ ಸಲ ಹೊಂಟಾಗ,” ಅಂದೆ ಮಗನಿಗೆ, “ನಿನ್ನ ಗಾಡಿ ಮ್ಯಾಲ ಒಂದ್ ಚೀಲ ರಂಗೋಲಿ ಪುಡಿ ಹೇರಿ ಕಳಸು. ಕಲ್ಲಿನ ಪುಡಿ ಅದು. ಮೈಯೂ ಉರಿಯೂದಿಲ್ಲ, ಹಂದಿನೂ ಮೂಸೂದಿಲ್ಲ.”

ಮಗನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅವಳಿಗೆ ಅಷ್ಟೂ ಬೇಕಾಗಲಿಲ್ಲ. “ಆಯಿ!” ಅಂತ ಎರಡೂ ಕೈ ಚಾಚಿ ನನ್ನ ಇಳಕಲ್ ಸೀರೆಯ ಮೇಲೆ ಬೀಳಲು ಓಡಿ ಬಂದಳು.

“ನಿಂದ್ರು! ಅಲ್ಲೇ ನಿಂದ್ರು! ಮುಟ್ಟೀ ಗಿಟ್ಟೀ!” ಚೀಲದಿಂದ ನನ್ನ ಕುಡಿಯುವ ನೀರಿನ ತಂಬಿಗೆ ತೆಗೆದೆ. ಗಟಾರಿನ ಅಂಚಿಗೆ ಅವಳನ್ನು ಕೂರಿಸಿ, ನೀರು ಸುರಿದು, ಒಂದೊಂದೇ ಬೆರಳು ಹಿಡಿದು ತಿಕ್ಕಿದೆ. ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಬೆರಳುಗಳನ್ನು ನನ್ನ ಮೂಗಿನ ಹತ್ತಿರ ತಂದು ನೋಡಿದೆ. ಥೂ, ಇನ್ನೂ ಹಾಗೇ ನಾರುತ್ತಿತ್ತು. ಮಗನಿಗೆ ತಂಬಿಗೆ ಕೊಟ್ಟು, ಇನ್ನೊಂದಿಷ್ಟು ನೀರು ತಾ ಅಂದೆ.